ಫಳಫಳ ಹೊಳೆಯುವ 1973ರ ಕವಾಸಾಕಿ ಝಡ್1 ಕೊಳ್ಳಬಹುದೇ?

ನ್ಯೂಜೆರ್ಸಿಯಲ್ಲಿ ಒಬ್ಬರೇ ಮಾಲೀಕರ ಕೈಯಲ್ಲಿದ್ದ 1973ರ ಝಡ್1 ಬೈಕು ಮಾರಾಟಕ್ಕಿದೆ, ಫೋಟೊದಲ್ಲಿ ಹೊಸದರಂತೆ ಕಾಣುತ್ತದೆ, ಕೊಳ್ಳಬಹುದೇ, ಮುಂದೆ ಮೈಸೂರಿಗೆ ತರಬಹುದೇ ಎಂದು ಕೇಳಿದ್ದೀರಿ. ಮೈಸೂರಿನ ಆಸೆಯನ್ನು ಪೂರ್ತಿ ಬಿಡಬೇಕಿಲ್ಲ. ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ವಾಹನವನ್ನು ಭಾರತದ ಆಮದು ನಿಯಮಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಆದರೆ 2025ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿನಾಯಿತಿ ಬಂದಿದೆ; ಷರತ್ತುಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಎಲ್ಲಿ ಓಡಿಸುವುದಾದರೂ, ಕೊಳ್ಳುವ ಮೊದಲು ಮುಂದೆ ಓದಿ.

ಹಳೆಯ ಜಪಾನಿ ಗಾಡಿಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ನನಗಿದೆ. ಐವತ್ತು ದಾಟಿದ ಗಾಡಿ ಅತಿಯಾಗಿ ಹೊಳೆಯುತ್ತಿದ್ದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಹೊಳಪನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಕಾರ್ಖಾನೆಯಲ್ಲಿ ಬಳಿದ ಬಣ್ಣವನ್ನು ಮತ್ತೆ ಕೊಳ್ಳಲಾಗದು.

ಎಂಜಿನ್ ಬಗ್ಗೆ ಹೆಚ್ಚು ಹೆದರಬೇಡಿ. 1968ರ ಟೋಕಿಯೊ ಪ್ರದರ್ಶನದಲ್ಲಿ ಹೋಂಡಾ ತನ್ನ ಸಿಬಿ750 ತೋರಿಸಿದಾಗ ಕವಾಸಾಕಿಯೂ ನಾಲ್ಕು ಸಿಲಿಂಡರಿನ 750 ಸಿಸಿ ಬೈಕು ಸಿದ್ಧಪಡಿಸುತ್ತಿತ್ತು. ಅದನ್ನು ಬದಿಗಿಟ್ಟು, ಸಿಲಿಂಡರುಗಳ ಮೇಲ್ಗಡೆ ಎರಡು ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ) ಇರುವ 903 ಸಿಸಿ ಎಂಜಿನ್ ಕಟ್ಟಿ 1972ರಲ್ಲಿ ಹೊರತಂದಿತು. ಶಕ್ತಿ 82 ಅಶ್ವಶಕ್ತಿ. ಗುಟ್ಟಾಗಿ ಇಟ್ಟುಕೊಂಡಿದ್ದ ಹೆಸರು ‘ನ್ಯೂಯಾರ್ಕ್ ಸ್ಟೇಕ್’. ಮಾಂಸದ ತುಂಡಿನ ಹೆಸರಿಟ್ಟುಕೊಂಡು ಎಂಜಿನ್ ರೂಪಿಸಿದವರ ಹಸಿವನ್ನು ಮೆಚ್ಚಲೇಬೇಕು. ರೋಲರ್ ಬೇರಿಂಗ್ ಮೇಲೆ ತಿರುಗುವ ಅದರ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಎಷ್ಟು ಗಟ್ಟಿಯೆಂದರೆ ರೇಸಿನವರು ಶಕ್ತಿಯನ್ನು ಬಹಳಷ್ಟು ಏರಿಸಿದರೂ ತಡೆದುಕೊಳ್ಳುತ್ತಿತ್ತು. ಸಿಲಿಂಡರ್ ಹೆಡ್‌ಗಳನ್ನು ಕಂಪನಿಯೇ ಇತ್ತೀಚೆಗೆ ಮತ್ತೆ ತಯಾರಿಸಿದೆ.

ಆದ್ದರಿಂದ ಹಣ ಕೊಡಬೇಕಾದದ್ದು ನಾಲ್ಕು ಮೂಲ ಸೈಲೆನ್ಸರುಗಳಿಗೆ. ಅವು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೆಚ್ಚಿನವರು ಎಂದೋ ಬಿಸಾಡಿ ಒಂದೇ ಕೊಳವೆಯದನ್ನು ಹಾಕಿಸಿಕೊಂಡಿದ್ದಾರೆ. ಅಡಿಯಲ್ಲಿ ಬಗ್ಗಿ ಕೆಎಚ್‌ಐ (ಕವಾಸಾಕಿ ಹೆವಿ ಇಂಡಸ್ಟ್ರೀಸ್) ಅಚ್ಚು ಇದೆಯೇ ನೋಡಿ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬೆಳಕು ಬಿಡಿ: ಹೊರಗಿನ ಬಣ್ಣ ಕಂದು-ಕಿತ್ತಳೆಯೋ ಹಳದಿ-ಹಸಿರೋ, ಒಳಗೆ ತುಕ್ಕು ಕಂಡರೆ ಬೆಲೆ ಇಳಿಯಲೇಬೇಕು. 1973ರ ಗಾಡಿಯ ಎಂಜಿನ್ ಕಪ್ಪಗಿರಬೇಕು. ಬರಿ ಅಲ್ಯೂಮಿನಿಯಂ ಬಣ್ಣದಲ್ಲಿದ್ದರೆ ಅದು ಮುಂದಿನ ವರ್ಷಗಳದ್ದಾಗಿರಬಹುದು, ಅಥವಾ ಯಾರೋ ಬಣ್ಣ ಕೆರೆದಿರಬಹುದು.

ಫ್ರೇಮಿನ ಸಂಖ್ಯೆಗೂ ಎಂಜಿನ್ ಸಂಖ್ಯೆಗೂ ತಾಳೆಯಾಗುವುದಿಲ್ಲವೆಂದು ಗಾಬರಿ ಬೇಡ. ಒಂದು ಝಡ್1ಎಫ್ ಎಂದೂ ಇನ್ನೊಂದು ಝಡ್1ಇ ಎಂದೂ ಶುರುವಾಗುತ್ತದೆ. ಕಾರ್ಖಾನೆಯಲ್ಲೇ ಎರಡನ್ನೂ ಒಂದೇ ಮಾಡುತ್ತಿರಲಿಲ್ಲ. ಫ್ರೇಮಿನ ಸಂಖ್ಯೆ ಕಾಗದಪತ್ರದ ಜೊತೆ ಅಕ್ಷರಶಃ ಹೊಂದಲೇಬೇಕು.

ಓಡದೆ ನಿಂತ ಗಾಡಿಗೆ ರಬ್ಬರೇ ಶತ್ರು. ಕಾರ್ಬ್ಯುರೇಟರಿನ ರಬ್ಬರು, ಬ್ರೇಕಿನ ಹೋಸು, ಫೋರ್ಕಿನ ಸೀಲು, ಎಲ್ಲಕ್ಕೂ ಹಣ ತೆಗೆದಿಡಿ. ಟೈರಿನ ಮೇಲಿನ ತಯಾರಿಕೆಯ ಸಂಕೇತದ ಕೊನೆಯಲ್ಲಿ ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು. ಅದರ ಮೇಲೆ ಸವಾರಿ ಮಾಡಬೇಡಿ.

ನೋಡಲು ಹೋಗುವ ದಿನ ಎಂಜಿನ್ ಚಾಲೂ ಮಾಡಿಡಬಾರದೆಂದು ಮೊದಲೇ ಹೇಳಿ. ತಣ್ಣಗಿರುವಾಗ ತಡಮಾಡದೆ ಹತ್ತಿಕೊಂಡು, ನೀಲಿ ಹೊಗೆ ಬಿಡದೆ ನಿಂತಲ್ಲೇ ಒಂದೇ ಸಮನೆ ಓಡುತ್ತಿದ್ದರೆ ಮಾತುಕತೆಗೆ ಕೂರಬಹುದು. ನೀವು ತಲುಪುವಷ್ಟರಲ್ಲಿ ಎಂಜಿನ್ ಬೆಚ್ಚಗಿದ್ದರೆ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗಿ.