ಹಳೆ ಜಿಪ್ಸಿಯ ಡಿಫರೆನ್ಶಿಯಲ್, ಟ್ರಾನ್ಸ್‌ಫರ್ ಕೇಸ್ ಆಯಿಲ್ ಮನೆಯಲ್ಲೇ ಬದಲಾಯಿಸಬಹುದಾ?

ಬದಲಾಯಿಸಬಹುದು. ಬಾಗಲಕೋಟೆ ನವನಗರದ ನಮ್ಮ ಮನೆ ಮುಂದೆಯೇ ನಾನು ಮೂರು ಸಲ ಮಾಡಿದ್ದೇನೆ. ಡಿಫರೆನ್ಶಿಯಲ್ ಅಂದರೆ ಆಕ್ಸಲ್‌ನಲ್ಲಿ ಕೂತು ಎಂಜಿನ್ ಶಕ್ತಿಯನ್ನು ಎರಡೂ ಬದಿಯ ಚಕ್ರಕ್ಕೆ ಹಂಚುವ ಗೇರ್ ಡಬ್ಬಿ; ಟ್ರಾನ್ಸ್‌ಫರ್ ಕೇಸ್ ಅಂದರೆ ಆ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಕಳಿಸುವ ಡಬ್ಬಿ. ನೀವು ಬರೆದ ಪ್ರಕಾರ ಜಮಖಂಡಿಯಲ್ಲಿ ಸೆಕೆಂಡ್ ಹ್ಯಾಂಡ್ ಜಿಪ್ಸಿ ತಗೊಂಡಿದ್ದೀರಿ. ಆಯಿಲ್ ಯಾವಾಗ ಬದಲಾಗಿದೆಯೋ ಗೊತ್ತಿಲ್ಲ. ಮೆಕ್ಯಾನಿಕ್ "ಕ್ರೌನ್ ಆಯಿಲ್ ಏನ್ ಮುಟ್ಟೂದ್ರಿ, ಹಂಗ ನಡೀತದ" ಅಂದಿದ್ದಾರೆ (ಕ್ರೌನ್ ಆಯಿಲ್ ಅಂದರೆ ಡಿಫರೆನ್ಶಿಯಲ್ ಆಯಿಲ್ಲೇ). ಅದರ ಜೊತೆಗೆ ಗಾಡಿಯ ಹಿಂದುಗಡೆ ಗುಂಯ್ ಅಂತ ಸದ್ದು ಬೇರೆ. ಸದ್ದಿನ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ಒಂದೇ ಮಾತು. ಆಯಿಲ್ ಬಸಿಯುವ ಕೆಳಗಿನ ಡ್ರೇನ್ ಪ್ಲಗ್‌ಗೆ ಪಾನಾ ಹಚ್ಚುವ ಮುಂಚೆ, ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ. ಅದು ಬಿಚ್ಚದಿದ್ದರೆ ಅವತ್ತು ಕೆಲಸ ಶುರು ಮಾಡಬೇಡಿ.

ಇದನ್ನು ನಾನು ಕಲಿತದ್ದು ಒಂದು ಭಾನುವಾರ. ಹುರುಪಿನಲ್ಲಿ ಹಿಂದಿನ ಡಿಫರೆನ್ಶಿಯಲ್‌ನ ಆಯಿಲ್ ಪೂರ್ತಿ ಬಸಿದುಬಿಟ್ಟೆ. ಆಮೇಲೆ ಫಿಲ್ಲರ್ ಪ್ಲಗ್‌ಗೆ ಕೈ ಹಾಕಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಿಂದೆ ಯಾರೋ ಪುಣ್ಯಾತ್ಮರು ಉಳಿ ಇಟ್ಟು ಬಡಿದು ಬಿಗಿ ಮಾಡಿದ್ದರು, ತಲೆಯ ಮೂಲೆಗಳೆಲ್ಲ ಸವೆದಿದ್ದವು. ಪಾನಾ ಎರಡು ಸಲ ಜಾರಿ ತಲೆ ಪೂರ್ತಿ ಗುಂಡಗಾಯಿತು. ಹೌಸಿಂಗ್‌ನಲ್ಲಿ ಹನಿ ಆಯಿಲ್ ಇಲ್ಲ, ಗಾಡಿ ಕದಲಿಸುವ ಹಾಗಿಲ್ಲ, ಅಂಗಡಿಗಳೆಲ್ಲ ಬಂದ್. ಮರುದಿನ ಒಬ್ಬ ವೆಲ್ಡಿಂಗ್‌ನವನು ಟಂಟಂನಲ್ಲಿ ಮಷೀನ್ ಹೇರಿಕೊಂಡು ಬಂದ. ಬ್ಯಾಟರಿ ವೈರ್ ತೆಗೆಸಿ, ಪ್ಲಗ್ ತಲೆ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿದ. ಆ ಕಾವಿಗೆ ತುಕ್ಕು ಸಡಿಲಾಗಿ ಪ್ಲಗ್ ಬೆಣ್ಣೆಯ ಹಾಗೆ ತಿರುಗಿತು. ಹತ್ತು ನಿಮಿಷದ ಕೆಲಸ, ಆದರೆ ಅದಕ್ಕೆ ಒಂದು ದಿನ ರಜೆ ಹೋಯಿತು.

ಹಾಗಾಗಿ ಹಿಂದಿನ ರಾತ್ರಿಯೇ ಪ್ಲಗ್‌ಗಳ ಸುತ್ತ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಅದಕ್ಕೂ ಮೊದಲು ವೈರ್ ಬ್ರಷ್‌ನಿಂದ ಎರೆ ಮಣ್ಣು ಕೆರೆದು ತೆಗೆಯಿರಿ. ನಮ್ಮ ಕಡೆ ಅದು ಒಣಗಿದರೆ ಸಿಮೆಂಟೇ. ಪ್ಲಗ್‌ಗೆ ಸರಿಯಾಗಿ ಕೂರುವ ಸಾಕೆಟ್ಟೇ ಬೇಕು, ಅಡ್ಜಸ್ಟಬಲ್ ಪಾನಾ ಬೇಡ.

ಆಯಿಲ್ ವಿಷಯ. ಡಿಫರೆನ್ಶಿಯಲ್‌ಗೆ 80ಡಬ್ಲ್ಯೂ-90 ಗೇರ್ ಆಯಿಲ್, ಡಬ್ಬಿ ಮೇಲೆ ಜಿಎಲ್-5 ಅನ್ನುವ ದರ್ಜೆ ಇರಲೇಬೇಕು. ಅಂಗಡಿಯಲ್ಲಿ "90 ನಂಬರ್ ಆಯಿಲ್ ಕೊಡಿ" ಅಂದರೆ ಕೆಲವರು ಜಿಎಲ್-4 ಕೊಟ್ಟುಬಿಡುತ್ತಾರೆ, ಓದಿ ತಗೊಳ್ಳಿ. ಡಿಫರೆನ್ಶಿಯಲ್ ಒಳಗೆ ಪಿನಿಯನ್ ಅನ್ನುವ ಚಿಕ್ಕ ಗೇರ್ ಇರುವುದು ಕ್ರೌನ್ ಅನ್ನುವ ದೊಡ್ಡ ಗೇರ್‌ನ ನಡುವಿಗಿಂತ ಕೆಳಗೆ. ಹಾಗಾಗಿ ಅವುಗಳ ಹಲ್ಲು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಉಜ್ಜಿಕೊಂಡೇ ಜಾರುತ್ತವೆ. ಆ ಒತ್ತಡ ತಡೆಯಲು ಜಿಎಲ್-5ರಲ್ಲಿ ಗಂಧಕ, ರಂಜಕದ ಮಸಾಲೆ ಜಾಸ್ತಿ. ಆ ಕೆಟ್ಟ ವಾಸನೆಯೂ ಅದರದೇ. ಹಾಗಂತ ಉಳಿದದ್ದನ್ನು ಗೇರ್‌ಬಾಕ್ಸ್‌ಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆ ಭಾಗಗಳಿಗೆ ಅದು ಒಗ್ಗದೇ ಇರಬಹುದು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಪೂರ್ತಿ ಗೇರ್‌ನದು, ಅದಕ್ಕೂ ಗೇರ್ ಆಯಿಲ್ಲೇ. ಗ್ರೇಡ್ ಮಾತ್ರ ಮ್ಯಾನುಯಲ್ ನೋಡಿ ತನ್ನಿ. ಒಳಗೆ ಚೈನ್ ಇರುವ ಬೇರೆ ಗಾಡಿಗಳಲ್ಲಿ ಹಲವಕ್ಕೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ತೆಳು ಆಯಿಲ್) ಬೇಕು. ಗೆಳೆಯನ ಗಾಡಿಗೆ ಹಾಕಿದ್ದು ನಿಮ್ಮದಕ್ಕೂ ನಡೆಯುತ್ತದೆ ಅಂದುಕೊಳ್ಳಬೇಡಿ.

ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಆಯಿಲ್ ಬೆಚ್ಚಗಾದರೆ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಸಮತಟ್ಟು ನೆಲದಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಲೆವೆಲ್ ಸುಳ್ಳು ಹೇಳುತ್ತದೆ. ಜಿಪ್ಸಿ ಎತ್ತರದ ಗಾಡಿ, ಜ್ಯಾಕ್ ಇಲ್ಲದೆ ಕೆಳಗೆ ನುಸುಳಬಹುದು. ಟ್ರಾನ್ಸ್‌ಫರ್ ಲಿವರ್ 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ), ಗಾಡಿ ಫಸ್ಟ್ ಗೇರಿನಲ್ಲಿ, ಚಕ್ರಕ್ಕೆ ಕಲ್ಲು. ಆ ಲಿವರ್ ನ್ಯೂಟ್ರಲ್‌ಗೆ ಬಿದ್ದರೆ ಗೇರ್ ಹಾಕಿದ್ದೂ ಲೆಕ್ಕಕ್ಕಿಲ್ಲ, ಗಾಡಿ ಉರುಳುತ್ತದೆ. ನೀವು ಕೆಳಗೆ ಇರುತ್ತೀರಿ, ನೆನಪಿರಲಿ.

ಬಸಿದ ಆಯಿಲ್ ಅನ್ನು ಚೆಲ್ಲುವ ಮುಂಚೆ ಬೆರಳಿನ ನಡುವೆ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸವೆತ, ಅದು ಮಾಮೂಲಿ. ಉಗುರಿಗೆ ಸಿಗುವಂಥ ಚೂರು ಬಂದರೆ ಹಲ್ಲೋ ಬೇರಿಂಗೋ ಮುರಿದಿದೆ. ಹಾಲು ಜಾಸ್ತಿಯಾದ ಚಹಾದಂತೆ ಕಂಡರೆ ನೀರು ಹೊಕ್ಕಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ನಿಮ್ಮ ಕಡೆಯ ಊರುಗಳಿಂದ ನೆಂಟರ ಸಾಮಾನು ಸಾಗಿಸಲು ನಾನು ನೀರಿನಲ್ಲೇ ಓಡಾಡಿದ್ದೆ. ಆಮೇಲೆ ನನ್ನ ಗಾಡಿಯಿಂದ ಬಂದದ್ದು ಅದೇ ಚಹಾ. ಕಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿ ಆಡಲು ಇಟ್ಟ ಕಿಂಡಿ) ಇಲ್ಲವೇ ಸೀಲ್ ಮೂಲಕ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಆಕ್ಸಲ್ ಮೇಲಿನ ಆ ಪುಟ್ಟ ಬ್ರೀದರ್‌ನ ಮಣ್ಣನ್ನೂ ತೆಗೆಯಿರಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಸೀಲ್ ಸೋರಲು ಶುರುವಾಗುತ್ತದೆ.

ತುಂಬಲು ಪಂಪ್ ಸಿಗುತ್ತದೆ. ನಾನು ಕೊಂಡಿಲ್ಲ. ಗೌಂಡಿಗಳು ಲೆವೆಲ್ ಹಿಡಿಯುವ ಪಾರದರ್ಶಕ ಪೈಪ್ ಇದೆಯಲ್ಲ, ಅದರದೇ ಎರಡು ಮೀಟರ್ ತಂದು, ತುದಿಗೆ ಆಲಿಕೆ ಸಿಕ್ಕಿಸಿ, ಮಗನ ಕೈಗೆ ಕೊಟ್ಟು ಎತ್ತಿ ಹಿಡಿ ಅಂದೆ. ಏಪ್ರಿಲ್ ಬಿಸಿಲಲ್ಲಿ ಸರಾಗವಾಗಿ ಇಳಿಯಿತು. ಡಿಸೆಂಬರ್ ಬೆಳಿಗ್ಗೆ ಮಾಡಿದಾಗ ಅವನ ಕೈ ಸೋತು ಆಲಿಕೆ ನನ್ನ ಮುಖದ ಮೇಲೆ! ಆ ವಾಸನೆ ಎರಡು ದಿನ ಹೋಗಲಿಲ್ಲ. ಫಿಲ್ಲರ್ ತೂತಿನ ಕೆಳ ಅಂಚಿನಿಂದ ಆಯಿಲ್ ಹೊರಗೆ ಜಿನುಗಿದರೆ ಸಾಕು, ಭರ್ತಿಯಾಗಿದೆ. ಮುಂದಿನದು, ಹಿಂದಿನದು, ಟ್ರಾನ್ಸ್‌ಫರ್ ಕೇಸ್, ಮೂರಕ್ಕೂ ಸೇರಿ ನನಗೆ 5 ಲೀಟರ್ ಸಾಕಾಯಿತು.

ಪ್ಲಗ್ ಬಿಗಿ ಮಾಡಿ, ಒಂದು ಸುತ್ತು ಹೋಗಿ ಬಂದು ಸೋರಿಕೆ ನೋಡಿ. ಆ ಸುತ್ತಿನಲ್ಲಿ ಸ್ವಲ್ಪ ದೂರ ಹೊಲದ ದಾರಿಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಿ ಓಡಿಸಿದರೆ ಮುಂದಿನ ಡಿಫರೆನ್ಶಿಯಲ್‌ನಲ್ಲೂ ಹೊಸ ಆಯಿಲ್ ಹರಡುತ್ತದೆ. ಟಾರ್ ರಸ್ತೆಯಲ್ಲಿ ಮಾತ್ರ ಬೇಡ, ಗೇರುಗಳು ಬಿಗಿದುಕೊಳ್ಳುತ್ತವೆ. ಹಳೆ ಆಯಿಲ್ ಡಬ್ಬಿಗೆ ತುಂಬಿ ಗ್ಯಾರೇಜಿನ ಬ್ಯಾರಲ್‌ಗೆ ಕೊಡಿ, ಗಟಾರಕ್ಕೆ ಬೇಡ.

ಇನ್ನು ನಿಮ್ಮ ಗುಂಯ್ ಸದ್ದು. ಆಯಿಲ್ ಕಡಿಮೆಯಾಗಿ ಬರುತ್ತಿದ್ದರೆ ಸ್ವಲ್ಪ ಇಳಿಯಬಹುದು. ಆದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿಸಿದರೆ ಕ್ರೌನ್, ಪಿನಿಯನ್ ಸವೆದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಆಯಿಲ್ ಮದ್ದಲ್ಲ. ಗಾಡಿ ಮಾರುವ ಮೊದಲು ದಪ್ಪ ಆಯಿಲ್ ಹಾಕಿ ಸದ್ದು ಮುಚ್ಚುವವರೂ ಇದ್ದಾರೆ. ಬಸಿಯುವಾಗ ಕಾರ್ಖಾನೆಯ ಕಾಕಂಬಿಯ ಹಾಗೆ ಗಟ್ಟಿಯಾಗಿ ಇಳಿದರೆ ನಿಮಗೂ ಹಾಗೇ ಮಾಡಿರಬಹುದು ಅಂತ ತಿಳಿಯಿರಿ. ಆಗ ಸರಿಯಾದ 90 ಹಾಕಿದ ಮೇಲೆ ಸದ್ದು ಜಾಸ್ತಿಯಾದರೂ ಗಾಬರಿ ಬೇಡ. ಅದು ಮೊದಲಿಂದ ಇದ್ದ ಸದ್ದೇ, ಈಗ ಕೇಳಿಸುತ್ತಿದೆ ಅಷ್ಟೇ.