ನ್ಯೂಟ್ರಾನ್ ಅಳೆಯುವ ವರ

(ಬಸವನಗುಡಿಯ ಓದುಗರೊಬ್ಬರ ಮಗಳಿಗೆ ಸಂಬಂಧ ಬಂದಿದೆ. ಹುಡುಗ ಪರಮಾಣು ಎಂಜಿನಿಯರಿಂಗ್ ಸಂಶೋಧಕ. ವಿಕಿರಣ ಪತ್ತೆ ಮತ್ತು ನ್ಯೂಟ್ರಾನ್ ಮಾಪನ ಅವನ ವಿಷಯ. ‘ಅಳೆಯುವುದೂ ಒಂದು ಸಂಶೋಧನೆಯೇ? ವಿಕಿರಣವನ್ನು ಮನೆಗೆ ಹೊತ್ತು ತರುವುದಿಲ್ಲವೇ? ಸಂಬಳ ಎಷ್ಟಿರಬಹುದು?’ ಎಂದು ಕೇಳಿದ್ದಾರೆ.)

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಯಲ್ಲಿ ಸ್ವಲ್ಪ ತಾತ್ಸಾರ ಕಂಡಿತು. ಅದಕ್ಕೇ ಮೊದಲು ಉತ್ತರಿಸುತ್ತೇನೆ.

ವಿಕಿರಣದಲ್ಲಿ ಬರುವ ಆಲ್ಫಾ, ಬೀಟಾ ಕಣಗಳಿಗೆ ವಿದ್ಯುದಾವೇಶವಿದೆ. ಅವು ಹಾದುಹೋಗುವ ದಾರಿಯಲ್ಲಿ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಗುರುತು ಬಿಡುತ್ತವೆ. ವಿಕಿರಣ ಎಣಿಸುವ ಗೈಗರ್ ಕೌಂಟರ್‌ಗೆ ಅಷ್ಟು ಸಾಕು. ನ್ಯೂಟ್ರಾನ್‌ಗೆ ಆವೇಶವೇ ಇಲ್ಲ. 1932ರಲ್ಲಿ ಜೇಮ್ಸ್ ಚಾಡ್ವಿಕ್ ಅದನ್ನು ಪತ್ತೆಹಚ್ಚಿದ್ದು ಅದು ಹೊಡೆದು ಹೊರದಬ್ಬಿದ ಪ್ರೋಟಾನ್‌ಗಳ ಮೂಲಕ. ಇಂದಿಗೂ ನೇರ ದಾರಿ ಇಲ್ಲ. ಹೀಲಿಯಂ-3 ಅಥವಾ ಬೋರಾನ್-10 ನ್ಯೂಟ್ರಾನನ್ನು ನುಂಗಿ ಆವೇಶವುಳ್ಳ ಕಣಗಳನ್ನು ಉಗುಳುತ್ತದೆ. ಉಪಕರಣ ಎಣಿಸುವುದು ಅವನ್ನು.

ಇವು ಚೆನ್ನಾಗಿ ಹಿಡಿಯುವುದು ನಿಧಾನದ ನ್ಯೂಟ್ರಾನ್‌ಗಳನ್ನು. ಹೆಚ್ಚು ಹಾನಿ ಮಾಡುವ ವೇಗದವು ಬಹುಪಾಲು ತಪ್ಪಿಸಿಕೊಳ್ಳುತ್ತವೆ. ದೇಹ ಹೀರಿದ ಶಕ್ತಿ ಒಂದೇ ಇದ್ದರೂ, ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣದ ಶಕ್ತಿಯ ಅಳತೆ) ಆಸುಪಾಸಿನ ವೇಗದ ನ್ಯೂಟ್ರಾನ್‌ನ ಅಪಾಯವನ್ನು ಗಾಮಾ ಕಿರಣದ ಸುಮಾರು 20 ಪಟ್ಟು ಎಂದು ಹಿಡಿಯುತ್ತಾರೆ. ನಿಧಾನದ್ದಕ್ಕೆ ಎರಡೂವರೆ ಪಟ್ಟು. ಆದ್ದರಿಂದ ಎಷ್ಟು ಬಂದವು ಎಂಬುದರ ಜೊತೆಗೆ ಎಂಥವು ಬಂದವು ಎಂಬುದೂ ಗೊತ್ತಾಗಬೇಕು. ಡಿಟೆಕ್ಟರಿಗೆ ನ್ಯೂಟ್ರಾನ್‌ಗಳ ವೇಗ ತಗ್ಗಿಸುವ, ಬೇರೆ ಬೇರೆ ಗಾತ್ರದ ಪಾಲಿಥೀನ್ ಗೋಲಗಳನ್ನು ತೊಡಿಸಿ, ಒಂದೊಂದರ ಎಣಿಕೆಯನ್ನೂ ಹೋಲಿಸಿ, ಶಕ್ತಿಯ ಹಂಚಿಕೆಯನ್ನು ಹಿಂದಿನಿಂದ ಬಿಡಿಸಿಕೊಳ್ಳುವ ಒಂದು ವಿಧಾನವಿದೆ. ಕೈಯಲ್ಲಿ ನಾಲ್ಕಾರು ಅಂಕಿ, ತಿಳಿಯಬೇಕಾದದ್ದು ಹತ್ತಾರು. ಇದರ ಜೊತೆಗೆ ಎಲ್ಲೆಡೆ ಇರುವ ಗಾಮಾ ಕಿರಣಗಳ ಗದ್ದಲವನ್ನೂ ಬೇರ್ಪಡಿಸಬೇಕು. ಪಿಎಚ್.ಡಿ.ಗೆ ಇಷ್ಟು ಕಷ್ಟ ಸಾಲದೇ?

ಇನ್ನು ಹಿರಿಯರ ದಿಗಿಲು. ನ್ಯೂಟ್ರಾನ್ ಅಂಗಿಗೆ ಅಂಟಿಕೊಂಡು ಬರುವ ವಸ್ತುವಲ್ಲ. ಪರಮಾಣುವಿನಿಂದ ಹೊರಬಿದ್ದರೆ ಅದರ ಸರಾಸರಿ ಆಯುಷ್ಯ ಸುಮಾರು 15 ನಿಮಿಷ. ಆದರೆ ಅದು ತಾಗಿದ ವಸ್ತು ವಿಕಿರಣಶೀಲವಾಗಬಲ್ಲದು, ಇದನ್ನು ಮುಚ್ಚಿಡುವುದಿಲ್ಲ. ಈ ಗುಣವನ್ನೂ ಅಳತೆಗೆ ಬಳಸುತ್ತಾರೆ: ತೆಳುವಾದ ಚಿನ್ನದ ಹಾಳೆಯನ್ನು ನ್ಯೂಟ್ರಾನ್‌ಗಳಿಗೆ ಒಡ್ಡಿ, ಆಮೇಲೆ ಅದು ಸೂಸುವ ಗಾಮಾ ಕಿರಣವನ್ನು ಎಣಿಸುತ್ತಾರೆ. ಆ ವಿಕಿರಣ 2.7 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. (ಮದುವೆ ಮಾತಿನ ನಡುವೆ ಚಿನ್ನ ಬಂದದ್ದು ಕಾಕತಾಳೀಯ.) ಇಂಥ ಹಾಳೆಯನ್ನು ಯಾರೂ ಜೇಬಿನಲ್ಲಿಟ್ಟು ಮನೆಗೆ ತರುವುದಿಲ್ಲ.

ಈ ಕೆಲಸದವರು ಎದೆಯ ಮೇಲೆ ಬ್ಯಾಡ್ಜ್ ಧರಿಸುತ್ತಾರೆ. ನ್ಯೂಟ್ರಾನ್ ಡೋಸ್ (ದೇಹಕ್ಕೆ ತಗುಲಿದ ವಿಕಿರಣದ ಪ್ರಮಾಣ) ತಿಳಿಯಲು ಅದರಲ್ಲಿಡುವುದು ಸಿಆರ್-39 ಎಂಬ ಪ್ಲಾಸ್ಟಿಕ್. ಕನ್ನಡಕದ ಗಾಜಿಗೂ ಬಳಸುವುದು ಅದನ್ನೇ. ನ್ಯೂಟ್ರಾನ್ ತಳ್ಳಿದ ಪ್ರೋಟಾನ್‌ಗಳು ಅದರಲ್ಲಿ ಗೀರು ಬಿಡುತ್ತವೆ. ಕ್ಷಾರದಲ್ಲಿ ಅದ್ದಿದರೆ ಗೀರು ಅಗಲವಾಗಿ ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಯಾವ ವರ್ಷವೂ 30 ದಾಟಬಾರದು. ಪ್ರಕೃತಿಯಿಂದಲೇ ಪ್ರತಿಯೊಬ್ಬರಿಗೂ ಸಿಗುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4. ನಿಮ್ಮ ಮನೆಯ ಹತ್ತಿರದ ಲಾಲ್‌ಬಾಗ್ ಬಂಡೆಯಲ್ಲೂ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇವೆ. ನಾವು ಅಲ್ಲಿ ಕೂತು ಕಡಲೆಕಾಯಿ ತಿನ್ನುವಾಗ ಯಾರೂ ಬ್ಯಾಡ್ಜ್ ತೊಡಿಸುವುದಿಲ್ಲ. ಆ ಹುಡುಗನ ಡೋಸ್ ಮಾತ್ರ ದಾಖಲೆಯಲ್ಲಿರುತ್ತದೆ. ಎಷ್ಟಾಗಿದೆ ಎಂದು ಸಂಕೋಚವಿಲ್ಲದೆ ಕೇಳಿ, ಅಂಕಿ ಸಮೇತ ಹೇಳುತ್ತಾನೆ.

ಸಂಬಳವನ್ನೂ ಅವನನ್ನೇ ಕೇಳಿ.

— ಸಂಪಾದಕ