ಇಂಗ್ಲೆಂಡಿನಲ್ಲಿ ಮಕ್ಕಳ ಸೈಕಾಲಜಿ ಓದಬೇಕೆಂದಿರುವ ಬೆಂಗಳೂರಿನ ತಂಗಿಗೆ

ಬೆಂಗಳೂರಿನಲ್ಲಿ ಬಿಎ ಸೈಕಾಲಜಿ ಮುಗಿಸಿದ್ದೀಯ. ಇಂಗ್ಲೆಂಡಿಗೆ ಬಂದು ಮಕ್ಕಳ ಬೆಳವಣಿಗೆ ಮತ್ತು ಶಿಕ್ಷಣದ ಮೇಲೆ ಒಂದು ವರ್ಷದ ಮಾಸ್ಟರ್ಸ್ ಮಾಡಿದರೆ ಇಲ್ಲೇ ಸೈಕಾಲಜಿಸ್ಟ್ ಆಗಬಹುದಾ ಅಕ್ಕಾ, ಬದುಕು ಹೇಗಿರುತ್ತೆ ಅಂತ ಕೇಳಿದ್ದೀಯ. ಅದೊಂದು ಕೋರ್ಸಿನಿಂದ ಆಗುವುದಿಲ್ಲ. ಇದನ್ನು ಸಾಲ ತೆಗೆಯುವ ಮೊದಲೇ ತಿಳಿದುಕೊಳ್ಳಬೇಕು.

ಇಲ್ಲಿ ಎಜುಕೇಶನಲ್ ಸೈಕಾಲಜಿಸ್ಟ್, ಅಂದರೆ ಮಕ್ಕಳ ಕಲಿಕೆ ಮತ್ತು ಬೆಳವಣಿಗೆ ನೋಡುವ ಸೈಕಾಲಜಿಸ್ಟ್, ಅಂತ ಯಾರು ಬೇಕಾದರೂ ಕರೆದುಕೊಳ್ಳುವಂತಿಲ್ಲ. ಇಂಥ ವೃತ್ತಿಗಳನ್ನು ನಿಯಂತ್ರಿಸುವ ಇಲ್ಲಿನ ಸಂಸ್ಥೆಯಾದ ಎಚ್‌ಸಿಪಿಸಿಯಲ್ಲಿ ನೋಂದಣಿ ಆಗಿರಬೇಕು. ಅದಕ್ಕೆ 3 ವರ್ಷದ ಡಾಕ್ಟರೇಟ್ ಬೇಕು. ಆ ಡಾಕ್ಟರೇಟಿಗೆ ಅರ್ಜಿ ಹಾಕಲು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಒಪ್ಪಿದ ಡಿಗ್ರಿ ಅಥವಾ ಕನ್ವರ್ಶನ್ ಮಾಸ್ಟರ್ಸ್ (ಡಿಗ್ರಿಗೆ ಆ ಒಪ್ಪಿಗೆ ಇಲ್ಲದವರಿಗೆ ಅದನ್ನು ಕೊಡಿಸುವ ಕೋರ್ಸ್) ಬೇಕು, ಮಕ್ಕಳ ಜೊತೆ ಕೆಲಸ ಮಾಡಿದ ಅನುಭವವೂ ಬೇಕು. ಸರ್ಕಾರವೇ ಫೀಸು ಕಟ್ಟುವ ಸೀಟುಗಳು ಇಲ್ಲಿ ನೆಲೆಸಿದವರಿಗೆ. ಇನ್ನು ವಾಪಸ್ ಬಂದು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುತ್ತೇನೆ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಒಪ್ಪಿದ ತರಬೇತಿಯೇ ಬೇಕು. ನಿಮ್ಹಾನ್ಸ್ ನಿನ್ನ ಊರಲ್ಲೇ ಇದೆ, ಅಲ್ವಾ? ಆ ದಾರಿಯನ್ನೂ ಒಮ್ಮೆ ವಿಚಾರಿಸು. ಶಾಲೆ, ಪಠ್ಯ, ಟೀಚರ್ ತರಬೇತಿ, ಚಿಕ್ಕ ಮಕ್ಕಳ ಸಂಸ್ಥೆಗಳು ನಿನ್ನ ಮನಸ್ಸಿನಲ್ಲಿದ್ದರೆ ಮಾತ್ರ ನೀನು ಹೇಳಿದ ಕೋರ್ಸ್ ಸರಿಯಾದದ್ದು.

ಓದಿನ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ. ನಾನು ಇಲ್ಲಿ ಒಂದು ಪ್ರೈಮರಿ ಶಾಲೆಯಲ್ಲಿ, ಹೆಚ್ಚಿನ ನೆರವು ಬೇಕಾದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಮನೆಯಲ್ಲಿ ಉರ್ದುವೋ ಸೊಮಾಲಿಯೋ ಮಾತಾಡುವ ನಾಲ್ಕು ವರ್ಷದ ಮಗು ಶಾಲೆಗೆ ಬಂದು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಮಾತು ತಡವೇ, ಆಟಿಸಂ ಇರಬಹುದೇ ಅಂತ ಟೀಚರ್‌ಗಳಿಗೆ ಆತಂಕ. ಹೊಸ ಭಾಷೆಯ ನಡುವೆ ಬಂದ ಮಗು ಕೆಲಕಾಲ ಸುಮ್ಮನೆ ಕೇಳಿಸಿಕೊಳ್ಳುತ್ತಾ ಇರುವುದು ಸಹಜ. ಮನೆಮಾತಿನಲ್ಲಿ ಹೇಗೆ ಮಾತಾಡುತ್ತದೆ ಅಂತ ನಾನು ಮೊದಲು ಅಮ್ಮನನ್ನು ಕೇಳುತ್ತೇನೆ. ಅದರಲ್ಲೂ ಹಿಂದಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಆಡುವ ಮಕ್ಕಳ ನಡುವೆಯೇ ಬೆಳೆದವಳು ನೀನು. ಈ ತಿಳಿವಳಿಕೆಗೆ ಇಲ್ಲಿ ನಿಜವಾದ ಬೆಲೆ ಇದೆ.

ಕ್ಲಾಸಿನಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಸಿದ್ಧಾಂತ ಕಟ್ಟಿದ ಪಿಯಾಜೆ, ವೈಗಾಟ್‌ಸ್ಕಿ, ಬೋಲ್ಬಿ ಎಲ್ಲ ಬರುತ್ತಾರೆ. ತಾಯಿ-ಮಗುವಿನ ನಂಟಿನ ಬಗ್ಗೆ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ 1950ರ ದಶಕದಲ್ಲಿ ಮನೆಗಳಿಗೆ ಹೋಗಿ ಮಕ್ಕಳನ್ನು ಗಮನಿಸಿದ್ದು ಉಗಾಂಡದಲ್ಲಿ. ಆದರೂ ಪಾಠದಲ್ಲಿ ಅಮ್ಮ ಒಬ್ಬಳೇ ಮಗುವನ್ನು ನೋಡಿಕೊಳ್ಳುವ ಚಿತ್ರವೇ ಹೆಚ್ಚು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಸೇರಿ ಬೆಳೆಸಿದ ಮಗುವಿಗೆ ಇದು ಹೇಗೆ ಹೊಂದುತ್ತದೆ ಅಂತ ಧೈರ್ಯವಾಗಿ ಕೇಳು. ಇಲ್ಲಿ ಪ್ರಬಂಧಕ್ಕೆ ಒಳ್ಳೆ ಮಾರ್ಕ್ಸ್ ಬರುವುದು ಹೀಗೆ ಪ್ರಶ್ನೆ ಮಾಡಿದಾಗಲೇ, ಓದಿದ್ದನ್ನು ಒಪ್ಪಿಸಿದಾಗ ಅಲ್ಲ. ಅದಕ್ಕೇ ಹೊರಡುವ ಮೊದಲು, ಅನುಮತಿ ಕೇಳಿಕೊಂಡು, ನಿನ್ನ ಏರಿಯಾದ ಅಂಗನವಾಡಿಯಲ್ಲಿ ಕೆಲವು ತಿಂಗಳು ಕೂತು ನೋಡು. ಮಕ್ಕಳು ಏನು ಆಡಿದರು, ಯಾರ ಜೊತೆ ಆಡಿದರು, ಬರೆದಿಟ್ಟುಕೋ.

ಬದುಕಿನ ವಿಷಯ ಚಿಕ್ಕದಾಗಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ, ಮನಸ್ಸು ಕುಗ್ಗುತ್ತದೆ. ಆಗ ಒಬ್ಬಳೇ ರೂಮಿನಲ್ಲಿ ಕೂರಬೇಡ. ಬಾಡಿಗೆ ಜಾಸ್ತಿ, ಆದರೆ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ. ಸಾಮಾನ್ಯ ಬಾಡಿಗೆ ಮನೆಗೆ ಡೆಪಾಸಿಟ್ 5 ವಾರದ ಬಾಡಿಗೆ ಮೀರುವಂತಿಲ್ಲ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಅದರಿಂದ ಫೀಸು ಹುಟ್ಟುವುದಿಲ್ಲ. ಮಾಸ್ಟರ್ಸ್ ಆದ ಮೇಲೆ ಇಲ್ಲೇ ಉಳಿದು ಕೆಲಸ ಮಾಡಲು ಸಿಗುವ ಗ್ರಾಜುಯೇಟ್ ವೀಸಾ 2 ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಮಕ್ಕಳ ಜೊತೆ ಕೆಲಸಕ್ಕೆ ಹಿನ್ನೆಲೆ ತಪಾಸಣೆ ಇರುತ್ತದೆ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅಲ್ಲಿಂದಲೇ ಮಾಡಿಸಿಕೊಂಡು ಬಾ.

ಈ ವಾರವೇ ಯೂನಿವರ್ಸಿಟಿಗಳಿಗೆ ಮೇಲ್ ಬರೆದು ಎರಡು ವಿಷಯ ಕೇಳು: ಈ ಕೋರ್ಸಿಗೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಇದೆಯಾ, ಶಾಲೆಯಲ್ಲಿ ಪ್ಲೇಸ್‌ಮೆಂಟ್ ಇದೆಯಾ. ಉತ್ತರ ಬಂದ ಮೇಲೆ ನನಗೆ ಕಳಿಸು, ಕೂತು ನೋಡೋಣ.